ತಣ್ಣಗಿಟ್ಟ ರೋಲುಗಳು

ಆ ದಿನ ಬೆಳಗ್ಗೆ ರೋಲಣ್ಣನ ಮನೆಯ ಫ್ರಿಜ್ಜು ಮುದುಕನ ಹಾಗೆ ಎರಡು ಸಲ ಕೆಮ್ಮಿ, ಒಮ್ಮೆ ಗೊರಗುಟ್ಟಿ, ಸುಮ್ಮನಾಯಿತು. ಬೇರೆಯವರ ಮನೆಯಲ್ಲಾದರೆ ಹಾಲು ಒಡೆಯುತ್ತಿತ್ತು, ಸೊಪ್ಪು ಬಾಡುತ್ತಿತ್ತು. ಈ ಫ್ರಿಜ್ಜಿನಲ್ಲಿ ಹಾಲೂ ಇರಲಿಲ್ಲ, ಸೊಪ್ಪೂ ಇರಲಿಲ್ಲ. ಮೇಲಿನಿಂದ ಕೆಳಗಿನವರೆಗೆ ಕ್ಯಾಮೆರಾಕ್ಕೆ ಹಾಕುವ ಫಿಲ್ಮ್ ರೋಲುಗಳೇ ತುಂಬಿದ್ದವು. ಮೊಟ್ಟೆ ಇಡುವ ಗುಳಿಗಳಲ್ಲೂ ಒಂದೊಂದು ರೋಲು.

ಒಂದು ಕಾಲಕ್ಕೆ ಅವನ ಅಂಗಡಿಯ ಮುಂದೆ ಮದುವೆ ಫೋಟೋ ತೆಗೆಯುವವರು ಸಾಲುಗಟ್ಟಿ ನಿಲ್ಲುತ್ತಿದ್ದರು. ಫಿಲ್ಮು, ಫೋಟೋ ಕಾಗದ, ಫಿಲ್ಮು ತೊಳೆದು ಚಿತ್ರ ಮೂಡಿಸುವ ಪುಡಿ, ಕತ್ತಲೆಕೋಣೆಯ ಕೆಂಪು ಬಲ್ಬು, ಏನಿಟ್ಟರೂ ಹೋಗುತ್ತಿತ್ತು. ಆಮೇಲೆ ರೋಲಿಲ್ಲದ ಕ್ಯಾಮೆರಾ ಬಂತು, ಅದರ ಹಿಂದೆ ಫೋನು ಬಂತು, ಅಂಗಡಿಗೆ ನೊಣ ಬಂತು. ತಣ್ಣಗಿದ್ದರೆ ಫಿಲ್ಮು ಕೆಡುವುದಿಲ್ಲವೆಂದು ರೋಲಣ್ಣ ಉಳಿದ ಸರಕನ್ನೆಲ್ಲ ಮನೆಯ ಫ್ರಿಜ್ಜಿಗೆ ತುಂಬಿದ. ಹೆಂಡತಿ ಹಾಲನ್ನು ಪಕ್ಕದ ಮನೆಯ ಫ್ರಿಜ್ಜಿನಲ್ಲಿಟ್ಟು ಸಂಸಾರ ಮಾಡಿದಳು. ಈಗ ಅವಳ ಎರಡು ಕಣ್ಣಿಗೂ ಪೊರೆ ಬಂದಿತ್ತು. ಆಪರೇಷನ್ನಿಗೆ ದುಡ್ಡು ಬೇಕಿತ್ತು. ಅಷ್ಟರಲ್ಲಿ ಲೋಕ ಮತ್ತೆ ಮಗ್ಗುಲು ಬದಲಿಸಿ, ಹುಡುಗ ಹುಡುಗಿಯರಿಗೆ ಫಿಲ್ಮಿನ ಹುಚ್ಚು ಹಿಡಿದಿತ್ತು. ಇಡೀ ಸರಕು ಕೊಳ್ಳಲು ದೊಡ್ಡ ಊರಿನಿಂದ ವ್ಯಾಪಾರದ ಹೆಂಗಸೊಬ್ಬಳು ಅದೇ ಸಂಜೆ ಬರುವವಳಿದ್ದಳು.

"ರೀ, ಫ್ರಿಜ್ಜು ಹೋಯ್ತಾ?" ಎಂದಳು ಹೆಂಡತಿ ಒಳಗಿಂದ. "ಕಣ್ಣು ಮಂಜಾದ್ರೂ ಕಿವಿ ಕೇಳ್ಸತ್ತೆ ನಂಗೆ. ಅದಕ್ಕೆ ಉಸಿರು ನಿಂತಿದೆ."

ಹೊರಗೆ ಬಿಸಿಲು ಆಗಲೇ ಹಂಚು ಕಾಸುತ್ತಿತ್ತು. ಸುದ್ದಿ ಕೇಳಿ ಬೀದಿಯೇ ಬಂತು. ರಿಪೇರಿಯವನು ಫ್ರಿಜ್ಜಿನ ಬೆನ್ನು ತಟ್ಟಿ ನೋಡಿ ತಲೆಯಾಡಿಸಿದ. ಕ್ಷೌರದವನು ರೋಲುಗಳಿಗೆ ಒದ್ದೆ ಟವೆಲು ಸುತ್ತಲು ಬಂದು ಬೈಸಿಕೊಂಡ. ಟೈಲರಮ್ಮ ಒಂದು ಚೀಲ ರೋಲನ್ನು ತನ್ನ ಫ್ರಿಜ್ಜಿಗೆಂದು ಒಯ್ದವಳು ಸ್ವಲ್ಪ ಹೊತ್ತಿಗೇ ವಾಪಸು ತಂದಳು. ಚೀಲದಿಂದ ಕಂದು ಪಟ್ಟಿಗಳು ಕರುಳಿನಂತೆ ನೇತಾಡುತ್ತಿದ್ದವು.

"ಒಳಗೆ ಯಾರ ಫೋಟೋ ಇದೆ ಅಂತ ನಮ್ಮತ್ತೆ ಎಳೆದು ನೋಡಿದ್ರು. ಒಂದ್ರಲ್ಲೂ ಯಾರೂ ಇಲ್ಲ! ಯಾರೋ ನಿಮಗೆ ಚೆನ್ನಾಗಿ ಟೋಪಿ ಹಾಕಿದಾರೆ ಅಣ್ಣ."

ಬೆಳಕು ಕಂಡ ಫಿಲ್ಮು ಸತ್ತ ಹಾಗೆ. ರೋಲಣ್ಣ ಗೋಡೆ ಹಿಡಿದು ಕೂತ.

ಕೈಹಿಡಿದವನು ಬೀದಿಯ ತುದಿಯಲ್ಲಿ ಶವಪೆಟ್ಟಿಗೆ ಮಾರುವವನು. ಅವನನ್ನು ಎಲ್ಲರೂ ಕೊನೇಸ್ಟಾಪು ಎನ್ನುತ್ತಿದ್ದರು. ದೂರದ ನೆಂಟರು ಬರುವವರೆಗೆ ಹೆಣ ಕೆಡದಂತೆ ಇಡಲು, ಗಾಜಿನ ಮುಚ್ಚಳದ ತಣ್ಣನೆ ಪೆಟ್ಟಿಗೆಯೊಂದನ್ನು ಅವನು ಬಾಡಿಗೆಗೆ ಕೊಡುತ್ತಿದ್ದ.

"ಇವತ್ತು ಖಾಲಿ ಇದೆ, ತಂದಿಡು," ಎಂದ. "ಇದರೊಳಗೆ ಮಲಗಿದವರು ಈವರೆಗೆ ಒಬ್ರೂ ಕಂಪ್ಲೇಂಟ್ ಮಾಡಿಲ್ಲ."

ರೋಲುಗಳು ಪೆಟ್ಟಿಗೆಯಲ್ಲಿ ಸಾಲಾಗಿ ಮಲಗಿದವು. ಪಕ್ಕದ ಸ್ಟೂಲಿನಲ್ಲಿ ರೋಲಣ್ಣ ಕಾವಲು ಕೂತ. ದಾರಿಹೋಕರು ಅವನ ಮುಖ ನೋಡಿ, "ಪಾಪ, ಹತ್ತಿರದವರಾ?" ಎಂದು ಕೇಳಿದರೆ, "ಹೂಂ," ಎನ್ನುತ್ತಿದ್ದ. ಅದೇನು ಸುಳ್ಳಲ್ಲ.

ಮಧ್ಯಾಹ್ನ ಕೊನೇಸ್ಟಾಪಿಗೆ ಫೋನು ಬಂತು. ಮಾತು ಮುಗಿಸಿದವನ ಮುಖ ಇಳಿದಿತ್ತು.

"ಸ್ಟುಡಿಯೋದವನು ಹೋಗ್ಬಿಟ್ಟ ಕಣೋ. ಊಟಕ್ಕೆ ಕೂತವನು ಏಳಲಿಲ್ಲವಂತೆ. ಮಗಳು ದೂರದಿಂದ ಬರ್ಬೇಕು. ಪೆಟ್ಟಿಗೆ ಕೇಳ್ತಿದಾರೆ."

ಸ್ಟುಡಿಯೋದವನು ರೋಲಣ್ಣನ ಕೊನೆಯ ಗಿರಾಕಿ. ಉಳಿದವರೆಲ್ಲ ಕತ್ತಲೆಕೋಣೆಗೆ ಬೀಗ ಹಾಕಿದ ಮೇಲೂ ತಿಂಗಳಿಗೊಮ್ಮೆ ಬಂದು, "ಹೋದ ಸಲದ ಪುಡಿ ಹಳಸಿತ್ತು ಕಣೋ ಕಳ್ಳ," ಎಂದು ಬೈದು, ಚಹಾ ಕುಡಿದು, ಮತ್ತೆ ಅದೇ ಪುಡಿ ಒಯ್ಯುತ್ತಿದ್ದವನು.

"ನೀನು ಮೊದಲು ಬಂದವನು. ನೀನು ಹೇಳಿದ ಹಾಗೆ," ಎಂದ ಕೊನೇಸ್ಟಾಪು.

"ನಾಚಿಕೆ ಆಗಲ್ವಾ ಹಾಗೆ ಕೇಳೋಕೆ?" ಎಂದು ರೋಲಣ್ಣ ತಾನೇ ರೋಲುಗಳನ್ನು ಚೀಲಕ್ಕೆ ಬಾಚಿದ.

ಪೆಟ್ಟಿಗೆಯನ್ನು ಸ್ಟುಡಿಯೋಕ್ಕೆ ಸಾಗಿಸಿ ಸತ್ತವನನ್ನು ಅದರಲ್ಲಿ ಮಲಗಿಸಿದರು. ಕೊನೇಸ್ಟಾಪು ಅಳತೆ ಹಿಡಿಯುವವನಂತೆ ಒಂದು ಕಣ್ಣು ಮುಚ್ಚಿ ನೋಡಿ ಪಿಸುಗುಟ್ಟಿದ: "ಕುಳ್ಳ ಮನುಷ್ಯ. ಕಾಲ ಹತ್ರ ಮೊಳದಷ್ಟು ಜಾಗ ಇದೆ. ಅವನೇನು ಬೇಡ ಅಂತಾನಾ?"

ರೋಲಣ್ಣ ಛೀ ಎಂದ. ಚೀಲ ಮುಟ್ಟಿ ನೋಡಿದ, ಬೆಚ್ಚಗಾಗುತ್ತಿತ್ತು. ಹೆಂಡತಿ ಗೋಡೆ ತಡವಿಕೊಂಡು ನಡೆಯುವುದು ನೆನಪಾಯಿತು. ಯಾರೂ ಇಲ್ಲದಾಗ, "ಸ್ವಲ್ಪ ಜರುಗೋ," ಎನ್ನುತ್ತ ರೋಲುಗಳನ್ನು ಗೆಳೆಯನ ಪಾದದ ಸುತ್ತ ಜೋಡಿಸಿದ.

ಮಗಳು ಎಣಿಸಿದ್ದಕ್ಕಿಂತ ಬೇಗ ಬಂದಳು. ಗಾಜಿನ ಮೇಲೆ ಕೈಯಿಟ್ಟು ಅಪ್ಪನ ಮುಖ ನೋಡಿದಳು, ಕಾಲು ನೋಡಿದಳು, ಬಿಕ್ಕಿ ಬಿಕ್ಕಿ ಅತ್ತಳು.

"ಯಾರು ಇವನ್ನ ಇಟ್ಟಿದ್ದು?"

ಎಲ್ಲರ ಕಣ್ಣೂ ರೋಲಣ್ಣನ ಕಡೆ ತಿರುಗಿತು. ಅವಳು ಬಂದು ಅವನ ಕೈ ಹಿಡಿದಳು. "ಹೂವು ಎಲ್ರೂ ತರ್ತಾರೆ ಮಾವ. ಅಪ್ಪನಿಗೆ ಏನಿಷ್ಟ ಅಂತ ನಿಮಗೊಬ್ರಿಗೇ ಗೊತ್ತಿತ್ತು. ಇವು ಅವರ ಜೊತೇಲೇ ಹೋಗ್ಲಿ."

ನೆರೆದವರು ಮೂಗೊರೆಸಿಕೊಂಡರು. ರೋಲಣ್ಣನೂ ಅತ್ತ. ಅವನ ಅಳುವಿಗೆ ಕಾರಣ ಎರಡಿದ್ದವು.

ಅಷ್ಟರಲ್ಲಿ ಬಾಗಿಲಲ್ಲಿ ಟೈಲರಮ್ಮನ ದನಿ ಮೊಳಗಿತು: "ಅಣ್ಣಾ, ರೋಲು ಕೊಳ್ಳೋರು ಬಂದಿದಾರೆ!"

ರೋಲಣ್ಣ ಪೆಟ್ಟಿಗೆಯ ಕಡೆ ನೋಡಿದ. "ಅಮ್ಮಾ... ಅದು ಕಾಣಿಕೆ ಅಲ್ಲ. ತಣ್ಣಗಿರ್ಲಿ ಅಂತ ಇಟ್ಟಿದ್ದೆ. ನಮ್ಮನೆಯವಳಿಗೆ ಕಣ್ಣು..."

ಹುಡುಗಿಯ ಕೈ ಸಡಿಲವಾಯಿತು. ಯಾರೂ ನೆರವಿಗೆ ಬರಲಿಲ್ಲ. ಅವನೊಬ್ಬನೇ ಮುಚ್ಚಳ ಎತ್ತಿ, ಪಾದದ ಸಂದಿಯಿಂದ ಒಂದೊಂದೇ ರೋಲು ಹೆಕ್ಕಿದ. "ಹೆಣದ ಕಾಲ ಬುಡಾನೂ ಬಿಡಲಿಲ್ಲ," ಎಂದ ಕ್ಷೌರದವನು, ಎಲ್ಲರಿಗೂ ಕೇಳುವಂತೆ.

ಹೊರಗೆ, ಕೊಳ್ಳಲು ಬಂದವಳು ರೋಲಿನ ಮೇಲಿನ ಹಳೆಯ ತಾರೀಕು ಓದಿ ಹಿಗ್ಗಿದಳು. ಮರುಗಳಿಗೆ ಹುಬ್ಬು ಗಂಟಿಕ್ಕಿತು. "ಇದ್ಯಾಕೆ ಇಷ್ಟು ತಣ್ಣಗಿದೆ?"

"ಮೊದಲಿಂದ ಫ್ರಿಜ್ಜಲ್ಲೇ ಇಟ್ಟಿದೀನಿ ಮೇಡಂ. ಒಂದು ಬೇಸಿಗೇನೂ ಸೋಕಿಲ್ಲ. ಬಣ್ಣ ಹೊಸದರ ಹಾಗೇ ಬರತ್ತೆ."

"ಅಯ್ಯೋ, ಎಂಥ ಕೆಲಸ ಮಾಡಿದ್ರಿ! ಬಣ್ಣ ಸರಿಯಾಗಿ ಬರೋದಾದ್ರೆ ಈಗಿನ ಹುಡುಗರ ಹತ್ರ ಫೋನಿದೆಯಲ್ಲ. ನಮ್ಮ ಗಿರಾಕಿಗಳಿಗೆ ಕೆಟ್ಟಿರೋದೇ ಬೇಕು. ವರ್ಷಗಟ್ಟಲೆ ಸೆಕೆಯಲ್ಲಿ ಬೆಂದು, ಮುಖ ಹಸಿರು, ಆಕಾಶ ನೇರಳೆ ಬರ್ಬೇಕು. ರೇಟಿರೋದು ಅದಕ್ಕೆ. ಸುಮ್ನೆ ಬೀರು ಮೇಲೆ ಬಿಸಾಕಿದ್ರೆ ಸಾಕಿತ್ತಲ್ಲ ನೀವು?"

ಕಾರು ಹೊರಟುಹೋಯಿತು. ಹೆಂಡತಿ ಒಂದು ಲೋಟ ಹಾಲಿಗಾಗಿ ಪಕ್ಕದ ಮನೆಯ ಮೆಟ್ಟಿಲು ಸವೆಸಿದ ವರ್ಷಗಳು ಅದರ ಧೂಳಿನಲ್ಲಿ ಎದ್ದು ಕೂತವು. ರೋಲಣ್ಣನಿಗೆ ಮನೆಗೆ ಹೋಗಲು ಮುಖವಿರಲಿಲ್ಲ. ಮುಖವಿಲ್ಲದೆಯೇ ಸ್ಟುಡಿಯೋದ ಒಳಗೆ ಬಂದು ಮೂಲೆಯಲ್ಲಿ ನಿಂತ.

ತುಸು ಹೊತ್ತಿನ ಮೇಲೆ ಮಗಳೇ ಬಳಿಗೆ ಬಂದಳು. "ಮಾರಿದ್ರಾ?"

"ಬೇಡವಂತೆ. ತುಂಬ ಚೆನ್ನಾಗಿವೆಯಂತೆ."

ಅವಳ ತುಟಿ ಒಂದಿಷ್ಟು ಅಲುಗಿತು. "ಮಾವ, ಊರವರ ಫೋಟೋ ಎಲ್ಲ ಅಪ್ಪ ತೆಗೆದ್ರು. ಅಪ್ಪಂದೇ ಒಂದಿಲ್ಲ. ಫೋನಲ್ಲಿ ತೆಗೆದ್ರೆ ಎದ್ದು ಕೂತು ಬೈತಾರೆ. ಅವರ ಕ್ಯಾಮೆರಾ ಇದೆ, ನಿಮ್ಮ ರೋಲಿದೆ. ತೆಗೀತೀರಾ?"

ರೋಲಣ್ಣ ಕಿಟಕಿ ತೆರೆದು ಬೆಳಕು ಬಿಟ್ಟ. ನೆರಳು ಬಿದ್ದ ಕೆನ್ನೆಯ ಕಡೆ ಬಿಳಿ ಬಟ್ಟೆ ಹಿಡಿದು ನಿಲ್ಲಲು ಕ್ಷೌರದವನೇ ಮುಂದೆ ಬಂದ. ರೋಲಣ್ಣ ಮುಚ್ಚಳ ಎತ್ತಿ, ಗೆಳೆಯನ ಕಾಲರು ಸರಿಮಾಡಿ, ಉಸಿರು ಬಿಗಿಹಿಡಿದು, ಇಡೀ ರೋಲು ಮುಗಿಯುವವರೆಗೆ ತೆಗೆದು, ಮುಚ್ಚಳ ಹಾಕಿದ. ಇಷ್ಟು ಮನಸ್ಸಿಟ್ಟು ಅವನು ಯಾರ ಫೋಟೋವನ್ನೂ ತೆಗೆದಿರಲಿಲ್ಲ.

"ಯಾವಾಗ ಸಿಗತ್ತೆ ಮಾವ?"

"ತೊಳೆದ ಕೂಡ್ಲೆ," ಎನ್ನುತ್ತ ರೋಲಣ್ಣ, ಅಭ್ಯಾಸಬಲದಿಂದ, ಊರಲ್ಲಿ ಫಿಲ್ಮು ತೊಳೆಯುತ್ತಿದ್ದ ಒಬ್ಬನೇ ಒಬ್ಬನ ಕಡೆಗೆ ರೋಲನ್ನು ಚಾಚಿದ. ಅವನು ಗಾಜಿನ ಕೆಳಗೆ ತಣ್ಣಗೆ ಮಲಗಿದ್ದ.