ಗರಗಸಕ್ಕೆ ಬಡಗಿ, ಕತ್ತರಿಗೆ ಯಾರು?

ಅಷ್ಟೂ ರಾದ್ಧಾಂತಕ್ಕೆ ಕಾರಣ ಮೂವತ್ತೇಳನೆಯ ಪ್ರಶ್ನೆ. ‘ಗರಗಸಕ್ಕೆ ಬಡಗಿ ಹೇಗೋ ಹಾಗೆ ಕತ್ತರಿಗೆ ಯಾರು?’ ಕೊಟ್ಟ ಉತ್ತರಗಳು ನಾಲ್ಕು: ಕಮ್ಮಾರ, ಕ್ಷೌರಿಕ, ದರ್ಜಿ, ಕುಂಬಾರ.

ಮೇಲ್ವಿಚಾರಕರ ತರಬೇತಿ ಶಾಲೆಯ ಗೋಡೆಗೆ ಆ ಬೆಳಗ್ಗೆ ಅಂಟಿಸಿದ್ದ ಸರಿಯುತ್ತರಗಳ ಪಟ್ಟಿಯಲ್ಲಿ ‘ದರ್ಜಿ’ ಎಂದಿತ್ತು. ಪಾರ್ಸೆಲ್ ಕಚೇರಿಯ ತೂಕದ ಗುಮಾಸ್ತ ತನ್ನ ಪ್ರಶ್ನೆಪತ್ರಿಕೆ ಬಿಡಿಸಿ ನೋಡಿದ. ಅನುಮಾನ ಬಂದ ಪ್ರಶ್ನೆಗಳಿಗಷ್ಟೇ ಅವನು ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳುವುದು. ಮೂವತ್ತೇಳರಲ್ಲಿ ದರ್ಜಿಗೆ ಹಾಕಿ, ಅಳಿಸಿ, ಕ್ಷೌರಿಕನಿಗೆ ಹಾಕಿದ್ದ.

ಪಕ್ಕದ ತಾತ್ಕಾಲಿಕ ಪಟ್ಟಿಯಲ್ಲಿ ಅವನಿಗೆ ಎಪ್ಪತ್ತೊಂದು ಅಂಕ, ಮೂವತ್ತೊಂದನೆಯ ಸ್ಥಾನ. ಇದ್ದ ಸೀಟು ಮೂವತ್ತು. ಮೂವತ್ತನೆಯವನು ಎಪ್ಪತ್ತೆರಡು ಅಂಕದ ಎಳೆಯ ಹುಡುಗ. ಅಂಕ ಸಮವಾದರೆ ವಯಸ್ಸಿನಲ್ಲಿ ಹಿರಿಯರಿಗೆ ಸೀಟು ಎಂಬುದು ನಿಯಮ. ಗುಮಾಸ್ತನಿಗೆ ವಯಸ್ಸು ಬೇಕಾದಷ್ಟಿತ್ತು. ಮುಂದಿನ ವರ್ಷ ಪರೀಕ್ಷೆ ಬರೆಯಲಾಗದಷ್ಟಿತ್ತು.

“ಒಂದೇ ಒಂದು ಅಂಕ ಕಣೋ!” ಎಂದ, ಪಕ್ಕದಲ್ಲಿದ್ದ ಬಾಮೈದನಿಗೆ.

ಈ ಬಾಮೈದ ಅದೇ ಕಚೇರಿಯಲ್ಲಿ ಪಾರ್ಸೆಲ್ಲಿಗೆ ಚೀಟಿ ಅಂಟಿಸುವವನು. ಇರುವುದು ಅಕ್ಕನ ಮನೆಯಲ್ಲಿ, ಉಣ್ಣುವುದು ಭಾವನ ತಟ್ಟೆಗಿಂತ ದೊಡ್ಡ ತಟ್ಟೆಯಲ್ಲಿ. ಪುಸ್ತಕ ಮುಟ್ಟದೆ ಪರೀಕ್ಷೆಗೆ ಕೂತಿದ್ದ. ಅದೂ ಭಾವನ ಹಿಂದಿನ ಬೆಂಚಿನಲ್ಲಿ. ಅವನಿಗೂ ಎಪ್ಪತ್ತೊಂದೇ ಬಂದು ಮೂವತ್ತೆರಡನೆಯವನಾಗಿದ್ದ. ಇದರ ಮರ್ಮ ಗುಮಾಸ್ತನಿಗೆ ಹೊಳೆದಿರಲಿಲ್ಲ.

“ಬಿಡಿ ಭಾವ, ಹಣೇಲಿ ಬರೆದದ್ದು.”

“ಹಣೇಲಿ ಬರೆದದ್ದಲ್ಲ, ಇವರು ತಪ್ಪು ಬರೆದದ್ದು! ಕ್ಷೌರಿಕನ ಕೈಲಿ ಕತ್ತರಿ ಇರಲ್ವಾ? ಆಕ್ಷೇಪಣೆ ಹಾಕ್ತೀನಿ.”

ಮೂರು ಗಂಟೆಯೊಳಗೆ ಪುರಾವೆ ಸಮೇತ ಆಕ್ಷೇಪಣೆ ಸಲ್ಲಿಸಬೇಕು, ಐದಕ್ಕೆ ಅಂತಿಮ ಪಟ್ಟಿ. ತಾನು ಬರೆದ ಉತ್ತರದ ನಕಲು ಪ್ರತಿ ಒಮ್ಮೆ ನೋಡಬಹುದಿತ್ತು. ಆದರೆ ಅಂಗಿಯ ಜೇಬಿನಲ್ಲಿದ್ದ ಅದನ್ನು ಹೆಂಡತಿ ಒಗೆದು, ಹಿಂಡಿ, ಒಣಹಾಕಿದ್ದಳು. ಒಂಬತ್ತು ವರ್ಷ ಪಾರ್ಸೆಲ್ ತೂಗಿ ಬೆನ್ನು ಬಾಗಿದ್ದ ಮನುಷ್ಯ, ಇನ್ನು ಬಾಗಲಾರೆನೆಂದು ಹಠಕ್ಕೆ ಬಿದ್ದು, ಬಾಮೈದನ ಜೊತೆ ಕ್ಷೌರದಂಗಡಿಗೆ ಹೊರಟ.

ಕ್ಷೌರಿಕ ಅವನ ಮಾತು ಕೇಳಿ ಉರಿದುಹೋದ. “ಕತ್ತರಿ ನಂದಲ್ಲ ಅಂದ್ರಾ? ಮೂವತ್ತು ವರ್ಷದಿಂದ ಈ ಕೈಲಿ ಏನು ಸೌಟು ಹಿಡ್ಕೊಂಡಿದ್ನಾ? ಕೂತ್ಕೊಳ್ಳಿ, ಬರೆದುಕೊಡ್ತೀನಿ!” ಕುರ್ಚಿಯಲ್ಲಿ ಕೂತವನ ತಲೆಗೆ ಅಭ್ಯಾಸಬಲದಿಂದ ಕತ್ತರಿ ಹಾಕಿಯೇಬಿಟ್ಟ.

ಎದುರಂಗಡಿಯ ದರ್ಜಿಗೆ ಎಲ್ಲವೂ ಕೇಳಿಸಿತ್ತು. ಅಳತೆಪಟ್ಟಿ ಕೊರಳಲ್ಲಿ ಹಾಕಿಕೊಂಡೇ ರಸ್ತೆ ದಾಟಿ ಬಂದ.

“ಏನಯ್ಯಾ, ನೀನು ತಪ್ಪು ಕತ್ತರಿಸಿದ್ರೆ ತಿಂಗಳಿಗೆ ಮತ್ತೆ ಬೆಳೆಯತ್ತೆ. ನಾನು ತಪ್ಪು ಕತ್ತರಿಸಿದ್ರೆ ಬಟ್ಟೆ ಬೆಳೆಯತ್ತಾ? ಕತ್ತರಿ ಅಂದ್ರೆ ದರ್ಜಿ. ನಿಂಗೆ ಬಾಚಣಿಗೆ ಸಾಕು.”

“ನನ್ನ ಕತ್ತರಿ ಬಟ್ಟೇನೂ ಕತ್ತರಿಸತ್ತೆ, ನೋಡ್ತೀಯಾ?” ಎಂದ ಕ್ಷೌರಿಕ. ಹತ್ತಿರದಲ್ಲಿದ್ದ ಬಟ್ಟೆಯೆಂದರೆ ಗುಮಾಸ್ತನ ಅಂಗಿ. ಬಲತೋಳು ಭುಜದಿಂದ ಕಳಚಿ ಕೈಗೆ ಬಂತು.

“ಓಹೋ! ಹಾಗಿದ್ರೆ ನನ್ನ ಕತ್ತರಿ ಕೂದಲು ಕತ್ತರಿಸಲ್ವಾ?” ಎಂದು ದರ್ಜಿ ತನ್ನ ಮೊಳದುದ್ದದ ಕತ್ತರಿ ತೆಗೆದು, ತಲೆಯ ಎಡಭಾಗ ಗದ್ದೆ ಕೊಯ್ದ ಹಾಗೆ ಕೊಯ್ದ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಈ ಕೂಸು ಮಾತ್ರ ಅಳಲಿಲ್ಲ. ಅರ್ಜಿ ಮುಂದೆ ಹಿಡಿದು, “ಇಬ್ಬರೂ ಸಹಿ ಹಾಕಿ. ಕತ್ತರಿ ಇಬ್ಬರದೂ ಹೌದು ಅಂತ ಬರೀರಿ. ಆಮೇಲೆ ಬೇಕಾದ್ರೆ ಇನ್ನೊಂದು ತೋಳೂ ಕೊಡ್ತೀನಿ” ಎಂದ. ಅವನ ಅವತಾರ ನೋಡಿ ಇಬ್ಬರಿಗೂ ನಾಚಿಕೆಯಾಗಿ ಸಹಿ ಹಾಕಿದರು.

ತರಬೇತಿ ಶಾಲೆಯ ಬಾಗಿಲಲ್ಲಿ ಕಾವಲುಗಾರ ತಡೆದ. “ಸ್ವಾಮಿ, ಆಸ್ಪತ್ರೆ ಹಿಂದಿನ ಬೀದಿ.” ಅವನನ್ನು ಬಾಮೈದ ಮಾತಿನಲ್ಲಿ ಹಿಡಿದ, ಗುಮಾಸ್ತ ಒಳಗೆ ನುಗ್ಗಿದ. ಮೂರಕ್ಕೆ ಎರಡು ನಿಮಿಷವಿತ್ತು.

ಪರೀಕ್ಷಾಧಿಕಾರಿ ಮೇಡಂ ಅರ್ಜಿ ನೋಡಿದರು, ತಲೆ ನೋಡಿದರು, ಬರಿದೋಳು ನೋಡಿದರು.

“ತಲೆ ಯಾರು ಕತ್ತರಿಸಿದ್ದು?”

“ಅರ್ಧ ಕ್ಷೌರಿಕ, ಅರ್ಧ ದರ್ಜಿ, ಮೇಡಂ. ತೋಳು ಕ್ಷೌರಿಕನದ್ದೇ.”

ಮೇಡಂ ನಗು ತಡೆಯಲಾರದೆ ಕನ್ನಡಕ ಒರೆಸಿಕೊಂಡರು. “ಇಪ್ಪತ್ತು ವರ್ಷದಲ್ಲಿ ಇಂಥಾ ಪುರಾವೆ ನೋಡಿರ್ಲಿಲ್ಲ. ಒಪ್ಪಿದೆ. ಎರಡೂ ಉತ್ತರ ಸರಿ. ಕ್ಷೌರಿಕ ಅಂತ ಬರೆದವರಿಗೆಲ್ಲ ಒಂದೊಂದು ಅಂಕ ಸೇರಿಸ್ತೀವಿ.”

ಗುಮಾಸ್ತನ ಕಣ್ಣು ತುಂಬಿ ಬಂತು. ಹೊರಗಿನ ಬೆಂಚಿನಲ್ಲಿ ಕೂತು, ಮೇಲ್ವಿಚಾರಕನಾದ ಮೇಲೆ ತೂಕದ ಕೋಣೆಗೆ ಮೊದಲು ಒಂದು ಕಿಟಕಿ ಮಾಡಿಸಬೇಕು ಎಂದುಕೊಂಡ. ಐದಕ್ಕೆ ಪಟ್ಟಿ ಬಂತು.

ಮೂವತ್ತನೆಯ ಸ್ಥಾನದಲ್ಲಿ, ಆ ಎಳೆಯ ಹುಡುಗನನ್ನು ವಯಸ್ಸಿನಲ್ಲಿ ಹಿಂದಿಕ್ಕಿ, ಬಾಮೈದನ ಹೆಸರಿತ್ತು. ಗುಮಾಸ್ತ ಬೆರಳಿಟ್ಟು ಕೆಳಗೆ ಹೋದ. ಮೂವತ್ತೊಂದು, ಮೂವತ್ತೆರಡು... ಅವನ ಹೆಸರು ಸಿಕ್ಕಿದ್ದು ಮೂವತ್ತೈದರಲ್ಲಿ. ಅಂಕ ಎಪ್ಪತ್ತೊಂದು.

ಓಡಿಹೋಗಿ ಕೇಳಿದ. ಮೇಡಂ ಅವನ ಉತ್ತರಪತ್ರಿಕೆ ತೆಗೆಸಿ ತೋರಿಸಿದರು. “ನೀವು ದರ್ಜಿ ಅಂತಲೇ ವೃತ್ತ ತುಂಬಿದೀರಲ್ಲ! ಆ ಅಂಕ ನಿಮಗೆ ಮೊದಲೇ ಸಿಕ್ಕಿದೆ.”

ಆಗ ನೆನಪಾಯಿತು. ಕೊನೆಯ ಗಂಟೆ ಹೊಡೆಯುವಾಗ, ಪಕ್ಕದಲ್ಲಿ ನಿಂತಿದ್ದ ಕೊಠಡಿ ಮೇಷ್ಟ್ರ ಬೋಳುತಲೆ ಕಣ್ಣಿಗೆ ಬಿದ್ದಿತ್ತು. ಕ್ಷೌರಿಕನಿಲ್ಲದೆಯೂ ಜನ ಬದುಕುತ್ತಾರೆ, ಬಟ್ಟೆಯಿಲ್ಲದೆ ಆದೀತೇ ಎಂದು ಕೈ ತಾನಾಗಿ ದರ್ಜಿಯ ಕಡೆ ಹೋಗಿತ್ತು. ಊರಿಗೆ ಉಪಕಾರಿ, ಮನೆಗೆ ಮಾರಿ.

“ನೀನು ಕ್ಷೌರಿಕ ಅಂತ ಹೇಗೋ ಬರೆದೆ?” ಎಂದು ಬಾಮೈದನನ್ನು ಕೇಳಿದ.

ಬಾಮೈದ ತಲೆ ಕೆರೆದುಕೊಂಡ. “ಅನುಮಾನದ್ದಕ್ಕೆಲ್ಲ ನಿಮ್ಮ ಪೆನ್ಸಿಲ್ ಗುರುತು ನೋಡೇ ಬರೆದೆ ಭಾವ. ನಿಮ್ಮ ಮೇಲೆ ನಂಗೆ ಅಷ್ಟು ನಂಬಿಕೆ. ನಿಮಗೇ ಯಾಕಿರ್ಲಿಲ್ಲ?”

ಗುಮಾಸ್ತ ಬರಿದೋಳು ಮುಚ್ಚಿಕೊಂಡು ಹೊರಟ. ಮನೆಯ ದಾರಿಯಲ್ಲಿ ಕ್ಷೌರಿಕ ಕೂಗಿ ಕರೆದು, ತಲೆ ಸರಿಮಾಡಲು ಕೂರಿಸಿಕೊಂಡ. ಬಾಗಿಲಲ್ಲಿ ನಿಂತ ಬಾಮೈದ ಗಡಿಯಾರ ನೋಡಿದ. ಅವನ ದನಿ ಆಗಲೇ ಸ್ವಲ್ಪ ದಪ್ಪಗಾಗಿತ್ತು.

“ಬೇಗ ಮುಗಿಸ್ಕೊಳ್ಳಿ ಭಾವ. ನಾಳೆ ಎಂಟಕ್ಕೆ ಸರಿಯಾಗಿ ತೂಕದ ಕೋಣೇಲಿರ್ಬೇಕು. ತಡ ಮಾಡೋದು ನಂಗೆ ಇಷ್ಟ ಆಗಲ್ಲ.”