ಬಾಣಂತಿಯ ಬಾಯಾರಿಕೆ

ನಾನು ಕಳ್ಳನಲ್ಲ. ಕಳ್ಳತನಕ್ಕೆ ಬೇಕಾದ ಧೈರ್ಯ ನನಗಿಲ್ಲವೆಂಬುದು ನನ್ನನ್ನು ಬಲ್ಲವರಿಗೆಲ್ಲ ಗೊತ್ತು. ಇನ್ನೊಬ್ಬರ ಹೊಲದಲ್ಲಿ ಒಂದು ಕಡಲೆಗಿಡ ಕಿತ್ತರೂ ಮೂರು ದಿನ ಎದೆ ಡವಡವ ಹೊಡೆದುಕೊಳ್ಳುವವರ ಪೈಕಿ ನಾನು. ಆದರೆ ಮನುಷ್ಯನಿಗೆ ಮದುವೆಯಾಗಿ, ಹೆಂಡತಿ ಹಡೆದು ಮಲಗಿದಳೆಂದರೆ ಅವನು ಏನು ಬೇಕಾದರೂ ಆಗಬಲ್ಲ. ನನ್ನದೇ ಮನೆಯಲ್ಲಿ, ನನ್ನದೇ ಕೊಡದಿಂದ, ನಾನು ಹತ್ತು ದಿನ ನೀರು ಕದ್ದೆ.

ಆಗ ನಾನು ಮುರಗೋಡದ ಕನ್ನಡ ಸಾಲೆಯಲ್ಲಿ ಮಾಸ್ತರನಾಗಿದ್ದೆ. ಚೊಚ್ಚಲ ಬಾಣಂತನ ತವರಿನಲ್ಲಾಗುವುದು ರೂಢಿ; ಆದರೆ ನನ್ನ ಹೆಂಡತಿ ಪಾರವ್ವನಿಗೆ ತಾಯಿ ಇರಲಿಲ್ಲ. ನನಗೂ ಇರಲಿಲ್ಲ. ನನ್ನನ್ನು ಹಡೆದ ಎಂಟನೆಯ ದಿನವೇ ಅವ್ವ ತೀರಿಕೊಂಡಿದ್ದಳು. ನನ್ನನ್ನು ಸಾಕಿದವಳು ಯರಗಟ್ಟಿಯ ಸೋದರತ್ತೆ ನೀಲವ್ವ. ಈಗ ಪಾರವ್ವನ ಬಾಣಂತನಕ್ಕೂ ಆಕೆಯೇ ಬಂದಳು. ಹೆಣ್ಣುಕೂಸು ಹುಟ್ಟಿದ್ದೇ ತಡ, ಕೋಣೆಯ ಕಿಟಕಿಗೆ ಗೋಣಿತಟ್ಟು ಇಳಿಬಿಟ್ಟಳು, ಹೊರಸಿನ ಕೆಳಗೆ ಕೆಂಡ ಇಟ್ಟಳು, ಬಾಣಂತಿಯ ಕಿವಿಗೆ ಅರಳೆ ತುರುಕಿದಳು. ಊಟಕ್ಕೆ ಮೆಣಸಿನ ಸಾರು, ಅಂಟಿನ ಉಂಡಿ, ತುಪ್ಪ, ಯಾವುದಕ್ಕೂ ಕಡಿಮೆಯಿಲ್ಲ. ನೀರು ಮಾತ್ರ ದಿನಕ್ಕೆ ಎರಡೇ ಬಟ್ಟಲು, ಅದೂ ಅಜವಾನ ಹಾಕಿ ಕುದಿಸಿದ್ದು. ಹೆಚ್ಚು ನೀರು ಬಾಣಂತಿಗೆ ವಿಷವೆಂದು ಅವಳ ವಾದ. ಹೊರಗೆ ಯುಗಾದಿ ಕಳೆದ ಬಿಸಿಲು.

ಮೂರನೆಯ ದಿನ ಹಿತ್ತಲಿಗೆ ಹೋದಾಗ ಗೋಣಿತಟ್ಟಿನ ಹಿಂದಿನಿಂದ ಪಾರವ್ವನ ದನಿ ಬಂತು. "ನೋಡ್ರಿ, ನಾಲಿಗಿ ಒಣಗಿ ಕಟ್ಟಿಗಿ ಆಗೇತಿ. ಒಂದ ಗುಟುಕ ನೀರ ಕೊಡ್ರಿ. ನಿಮ್ಮ ಮಗಳಿಗೆ ಹಾಲ ಎಲ್ಲಿಂದ ತರ್ಲಿ?"

ಅಂದಿನಿಂದ ಶುರುವಾಯಿತು. ಕುದಿಸಿ ಆರಿಸಿದ ನೀರನ್ನು ತಂಬಿಗೆಗೆ ತುಂಬಿಕೊಂಡು ಹಿತ್ತಲಿಗೆ ನಡೆಯುವುದು, ಕಿಟಕಿಯಲ್ಲಿ ಚಾಚಿದ ಕೈಗೆ ಕೊಡುವುದು, ಬರಿದಾದ ತಂಬಿಗೆ ಹಿಡಿದು ಸಭ್ಯನಂತೆ ಮರಳುವುದು. ದಿನಕ್ಕೆ ಏಳೆಂಟು ಸಲ. ಗಂಡಸು ತಂಬಿಗೆ ಹಿಡಿದು ಮತ್ತೆ ಮತ್ತೆ ಹಿತ್ತಲಿಗೆ ಹೋದರೆ ನೋಡಿದವರು ಏನು ತಿಳಿಯುತ್ತಾರೆಂಬುದು ನನಗೆ ಹೊಳೆದಿರಲಿಲ್ಲ. ಅತ್ತೆಗೆ ಹೊಳೆಯಿತು.

"ಎಷ್ಟ ದಿನಾತಪಾ ಹೊಟ್ಟಿ ಕೆಟ್ಟು? ಹೇಳಾಕ ನಾಚಿಕಿ ಏನು?" ಎಂದು ದಾಳಿಂಬೆ ಸಿಪ್ಪೆಯ ಕಷಾಯ ಕುಡಿಸಿದಳು. ಅಂದಿನಿಂದ ನನಗೆ ಬರೀ ಗಂಜಿ. ಕಷಾಯ ಕುಡಿದರೂ ನನ್ನ ಓಡಾಟ ನಿಲ್ಲದಿದ್ದುದರಿಂದ, ಅತ್ತೆ ಕಷಾಯವನ್ನು ದುಪ್ಪಟ್ಟು ಮಾಡಿದಳು. ನಿಜವಾದ ಸಂಗತಿಯೆಂದರೆ ನಾಲ್ಕು ದಿನದಿಂದ ನನಗೆ ಆಗಬೇಕಾದದ್ದೂ ಆಗಿರಲಿಲ್ಲ. ಸುದ್ದಿ ಸಾಲೆಗೂ ಮುಟ್ಟಿತು. ಹೆಡ್‌ಮಾಸ್ತರರು ನನ್ನ ಕುರ್ಚಿಯನ್ನು ಬಾಗಿಲ ಹತ್ತಿರ ಹಾಕಿಸಿದರು.

ಹಡೆದ ಹದಿಮೂರನೆಯ ದಿನ ಪಾರವ್ವನಿಗೆ ಚಳಿಯೆದ್ದಿತು. ಹಲ್ಲು ಕಟಕಟ ಅನ್ನುವಷ್ಟು ನಡುಕ, ಮುಟ್ಟಿದರೆ ಮೈ ಸುಡುತ್ತಿತ್ತು. ಅತ್ತೆಯ ಮುಖ ಬಿಳಿಚಿತು. ಸೂಲಗಿತ್ತಿ ಬಾಳವ್ವನನ್ನು ಕರೆಯಲು ನಾನೇ ಓಡಿದೆ. ದಾರಿಯುದ್ದಕ್ಕೂ ತಲೆಯಲ್ಲಿ ಒಂದೇ ಮಾತು: ನಾನೇ ಕೊಂದೆ.

ಬಾಳವ್ವ ಬಂದು ಕೂಡುವ ಮೊದಲೇ ಎಲ್ಲವನ್ನೂ ಒಪ್ಪಿಕೊಂಡೆ. ಅತ್ತೆ ಬೈಯಲಿಲ್ಲ. ಗೋಡೆಗೆ ಒರಗಿ ಕುಳಿತು ಮೆಲ್ಲಗೆ ಹೇಳಿದಳು: "ನಿಮ್ಮವ್ವನೂ ಹಡದ ಏಳನೇ ದಿನಾ ಜ್ವರದಾಗ ಹಿಂಗ ನೀರ ಬೇಡಿದ್ಲು. ನಾನ ಕೊಟ್ಟೆ. ಮರುದಿನ ಹ್ವಾದ್ಲು."

ಆ ಎರಡು ಬಟ್ಟಲಿನ ಲೆಕ್ಕ ಎಲ್ಲಿಂದ ಬಂತೆಂದು ನನಗೆ ಆಗ ತಿಳಿಯಿತು.

ಬಾಳವ್ವ ಸೀದಾ ಒಳಗೆ ಹೋದಳು. ಕೆಳಹೊಟ್ಟೆ ಒತ್ತಿ ನೋಡಿದಳು, ಹೋಗುವ ಮೈಲಿಗೆಗೆ ಕೆಟ್ಟ ವಾಸನೆ ಇದೆಯೇ ಎಂದು ಕೇಳಿದಳು, ಆಮೇಲೆ ಸೆರಗು ಸರಿಸಿದಳು. ಬಾಗಿಲಾಚೆಗಿದ್ದ ನಮಗೆ ಅವಳ ದನಿ ಕೇಳಿತು. "ಈ ಕಡೆ ಎದಿ ಕಲ್ಲಾಗೇತಿ, ಕೆಂಪಾಗೇತಿ. ಕೂಸಿಗೆ ಈ ಕಡೆ ಯಾಕ ಕುಡಸಿಲ್ಲ?"

"ನೋವಾಗತೈತಿ ಅಂತ ಎರಡ ದಿನ ಬಿಟ್ಟೇನಿ," ಎಂದಳು ಪಾರವ್ವ.

"ಹಾಲ ಕಟಗೊಂಡೈತಿ, ಅಷ್ಟ. ಬಿಸಿ ಅರಿವಿ ಕಾವು ಕೊಡ್ರಿ, ಆ ಕಡೇನ ಮೊದಲ ಕುಡಸ್ರಿ. ಎರಡ ದಿನದಾಗ ಜ್ವರಾ ಇಳೀಲಿಲ್ಲಂದ್ರ, ಇಲ್ಲಾ ಕೀವು ಆದ್ರ, ಗಾಡಿ ಕಟ್ಟಿ ಸವದತ್ತಿ ದವಾಖಾನಿಗೆ ಒಯ್ಯೂದು, ತಡಾ ಮಾಡೂದಲ್ಲ." ಹೊರಗೆ ಬಂದು ಅತ್ತೆಯ ಪಕ್ಕದಲ್ಲಿ ಕುಳಿತಳು. "ನೀರಿಲೆ ಯಾರೂ ಸಾಯಂಗಿಲ್ಲ ನೀಲವ್ವಾ. ನಿಮ್ಮ ವೈನಿನ್ನ ಕೊಂದದ್ದು ಒಳಗಿನ ನಂಜು. ಆಕಿ ಬೇಡಿದ್ದ ನೀರ ಕೊಟ್ಟಿ, ಪುಣ್ಯಾ ಕಟಗೊಂಡಿ."

ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಆಮೇಲೆ ಎದ್ದು, ದೊಡ್ಡ ಚರಿಗೆಯಲ್ಲಿ ನೀರು ತುಂಬಿ ತಾನೇ ಕೋಣೆಯೊಳಗೆ ಒಯ್ದಳು.

ಮರುದಿನ ಸಂಜೆಗೆ ಜ್ವರ ಇಳಿಯಿತು. ದವಾಖಾನೆಗೆಂದು ತರಿಸಿ ನಿಲ್ಲಿಸಿದ್ದ ಗಾಡಿಯನ್ನು ಮರಳಿ ಕಳಿಸಿದೆವು. ಎರಡು ವಾರದಲ್ಲಿ ಪಾರವ್ವ ಅಂಗಳದಲ್ಲಿ ಅಡ್ಡಾಡತೊಡಗಿದಳು. ಮೊದಲ ಸಲ ಜೋರಾಗಿ ನಕ್ಕದ್ದು ನನ್ನ ಕಷಾಯದ ಕಥೆ ಕೇಳಿ. ಹೊಟ್ಟೆಯ ನರ ಬಿಗಿಯಾಗುವ ತನಕ ಮೂರು ತಿಂಗಳು ಭಾರ ಎತ್ತಬಾರದೆಂದು ಬಾಳವ್ವ ತಾಕೀತು ಮಾಡಿದಳು. ಇಷ್ಟು ದಿನ ನೀರು ಹೊತ್ತ ಅತ್ತೆಗೆ ಮೊಣಕಾಲು ನೋವು ಶುರುವಾಗಿತ್ತು. ಹಾಗಾಗಿ ಬಾವಿಯಿಂದ ನೀರು ತರುವ ಕೆಲಸ ಮಾಸ್ತರನ ಹೆಗಲೇರಿತು.

ಒಂದು ಮನೆಗೆ ದಿನಕ್ಕೆ ಎಷ್ಟು ನೀರು ಬೇಕೆಂಬುದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ಕೂಸಿನ ಅರಿವೆ, ಬಾಣಂತಿಯ ಸ್ನಾನ, ಅತ್ತೆಯ ಮಡಿ. ಇದೆಲ್ಲದರ ಮೇಲೆ ಪಾರವ್ವನ ಬಾಯಾರಿಕೆ. ನೀರು ಹೊರತೊಡಗಿದ ಎಂಟನೆಯ ದಿನ, ಹನ್ನೊಂದನೆಯ ಕೊಡ ಇಳಿಸಿ, ಸೊಂಟ ಹಿಡಿದುಕೊಂಡು, ಯಾರೂ ಇಲ್ಲದ ಹೊತ್ತು ನೋಡಿ ಅತ್ತೆಯನ್ನು ಮೆಲ್ಲಗೆ ಕೇಳಿದೆ: "ಅತ್ತಿ, ಬಾಣಂತ್ಯಾರಿಗೆ ಬಾಳ ನೀರ ಕುಡಸಬಾರದು ಅಂತಾರಲಾ, ಅದರಾಗ ಸ್ವಲ್ಪರೆ ಖರೆ ಇರಬೇಕಲ್ಲ?"