ಹಳೇ ಕಾರಿನ ಹೊಸ ತಂಪು

ಡ್ರಾಯಿಂಗ್ ಮೇಷ್ಟ್ರ ಹೊಟ್ಟೆಗೆ ಬೆಂಕಿ ಬಿದ್ದದ್ದು ಹಿಂದಿನ ದಿನ, ಎದುರುಮನೆಯ ಷಡ್ಡಕ ಅತ್ತೆ ಮಾವನನ್ನು ಸ್ಟೇಷನ್ನಿನಿಂದ ತನ್ನ ಹೊಸ ಕಾರಿನಲ್ಲಿ ಕರೆತಂದಾಗ. ನಾಲ್ಕೂ ಗಾಜು ಏರಿಸಿ, ಎಸಿ ಹಾಕಿ, ಇಬ್ಬರನ್ನೂ ಗಾಜಿನ ಬೀರುವಿನ ಬೊಂಬೆಗಳ ಹಾಗೆ ಕೂರಿಸಿಕೊಂಡು ಬಂದಿದ್ದ.

ಬೆಳಿಗ್ಗೆಯಾದರೂ ಆ ಬೆಂಕಿ ಆರಿರಲಿಲ್ಲ. ನಾಳೆ ಎಲ್ಲರೂ ಸಮುದ್ರ ನೋಡಲು ಹೊರಡುವುದಿತ್ತು. ಒಂದು ಕಾರಿನಲ್ಲಿ ಅತ್ತೆ ಮಾವ, ಇನ್ನೊಂದರಲ್ಲಿ ಸಾಮಾನು. "ಯಾವುದರಲ್ಲಿ ಹೋಗೋದು ಅಂತ ಸಂಜೆ ಕೂತು ನೋಡಿ ಹೇಳ್ತೀನಿ" ಎಂದಿದ್ದರು ಮಾವ. ಹೋದ ಸಲ ಹಾಸಿಗೆ ಸುರುಳಿಗಳ ಜೊತೆ ಹೋದವರು ಮೇಷ್ಟ್ರೇ. ದಾರಿಯುದ್ದಕ್ಕೂ ಒಂದು ಚೊಂಬು ಲೊಡಲೊಡ ಎಂದದ್ದು ಈಗಲೂ ಕಿವಿಯಲ್ಲಿತ್ತು.

ಮೇಷ್ಟ್ರ ಕಾರು ಮಾವನವರೇ ಮೂವತ್ತು ವರ್ಷ ಓಡಿಸಿ ಕೊಟ್ಟದ್ದು. ಅದರಲ್ಲೂ ಎಸಿ ಇತ್ತು. ಗುಂಡಿ ತಿರುಗಿಸಿದರೆ ಸದ್ದು ಮಾತ್ರ ಬರುತ್ತಿತ್ತು. ಮೇಷ್ಟ್ರು ಶಾಲೆಗೆ ರಜೆ ಹಾಕಿ ಗ್ಯಾರೇಜಿಗೆ ಹೋದರು.

ಮೆಕ್ಯಾನಿಕ್ ಬಾನೆಟ್ ಎತ್ತಿ ಹುಬ್ಬೇರಿಸಿದ. "ಕಂಪ್ರೆಸರ್ ಹೊಸದರ ಹಾಗಿದೆ ಸರ್. ಇಷ್ಟು ವರ್ಷ ಎಸಿನ ಯಾರೂ ಹಾಕೇ ಇಲ್ಲ. ಸುಮ್ನೆ ಬಿಟ್ರೆ ರಬ್ಬರೆಲ್ಲ ಒಣಗಿ ಗ್ಯಾಸ್ ಸೋರಿಹೋಗುತ್ತೆ."

"ನನ್ನ ಅದೃಷ್ಟ ನೋಡು" ಎಂದು ಮೇಷ್ಟ್ರು ಹಿಗ್ಗಿದರು. ಯಾಕೆ ಹಾಕಿರಲಿಲ್ಲ ಎಂದು ಕೇಳುವ ವ್ಯವಧಾನ ಹೊಟ್ಟೆಕಿಚ್ಚಿಗೆ ಎಲ್ಲಿಂದ ಬರಬೇಕು?

ರಬ್ಬರುಗಳು ಬದಲಾದವು. ಪೈಪಿನೊಳಗಿನ ಗಾಳಿಯನ್ನು ಪಂಪಿನಿಂದ ಎಳೆದು ಮೆಕ್ಯಾನಿಕ್ ಹೇಳಿದ: "ಒಂದು ಗಂಟೆ ಈ ಮೀಟರಿನ ಮುಳ್ಳು ನೋಡ್ತಿರಿ. ಅಲ್ಲಾಡಿದ್ರೆ ಎಲ್ಲೋ ಸೋರ್ತಿದೆ ಅಂತ." ಪರೀಕ್ಷೆಯಲ್ಲಿ ಕಾಪಿ ಹೊಡೆಯುವವನನ್ನು ಕಾಯುವ ಹಾಗೆ ಮೇಷ್ಟ್ರು ಮುಳ್ಳಿನ ಮುಂದೆ ಕೂತರು.

ಅಷ್ಟರಲ್ಲಿ ಷಡ್ಡಕ ಅದೇ ದಾರಿಯಲ್ಲಿ ಬಂದು ಕಾರು ನಿಲ್ಲಿಸಿದ. "ಏನ್ ಮೇಷ್ಟ್ರೇ, ಮುದುಕನಿಗೆ ಮದುವೆ ಶೃಂಗಾರ ನಡೀತಿದೆ? ನಮ್ಮದರಲ್ಲಿ ಎಲ್ಲದಕ್ಕೂ ಒಂದು ಗುಂಡಿ ಒತ್ತಿದ್ರೆ ಆಯ್ತು ನೋಡಿ."

ಮುಳ್ಳು ಅಲ್ಲಾಡಲಿಲ್ಲ. ಅಲ್ಲಾಡಿದ್ದು ಮೇಷ್ಟ್ರ ಕೆನ್ನೆಯ ನರ.

ಗ್ಯಾಸ್ ತುಂಬಿ ಗುಂಡಿ ತಿರುಗಿಸಿದ ಕೂಡಲೇ, ಗಾಳಿಕಿಂಡಿಯೊಳಗೆ ಇಲಿ ಎಂದೋ ಬಿಟ್ಟುಹೋದ ಸಂಸಾರವೆಲ್ಲ, ಹತ್ತಿ, ಕಾಗದದ ಚೂರು, ಕಡಲೆ ಸಿಪ್ಪೆ, ಮೇಷ್ಟ್ರ ಮುಖಕ್ಕೆ ರಾಚಿತು. ಅದರ ಹಿಂದೆಯೇ ತಣ್ಣನೆ ಗಾಳಿ ಬಂತು. ಮೇಷ್ಟ್ರು ಮುಖ ಒರೆಸಿಕೊಳ್ಳುವುದನ್ನೂ ಮರೆತರು.

"ಸ್ವಲ್ಪ ತಂಪು ಹೊರಗೆ ಹೋಗ್ತಿದೆ. ಈ ಪುಟ್ಟ ಗಾಜಿನ ಸಂದಿಯಿಂದ" ಎಂದ ಮೆಕ್ಯಾನಿಕ್. ಮುಂದಿನ ಬಾಗಿಲಲ್ಲಿ ಹಳೇ ಕಾರುಗಳಿಗಷ್ಟೇ ಇರುವ, ಒತ್ತಿದರೆ ತೆರೆಯುವ ತ್ರಿಕೋನದ ಗಾಜು ಅದು.

"ಅಂಟು ಹಾಕಿ ಮುಚ್ಚಿಬಿಡು. ದೊಡ್ಡ ಕಿಟಕಿ ಇಳಿಸೋ ಹಿಡಿಕೆಗಳನ್ನೂ ಬಿಚ್ಚಿ ಇಲ್ಲೇ ಇಟ್ಕೋ. ಯಾರಾದ್ರೂ ಗಾಜು ತೆಗೆದು ತಂಪು ಹಾಳು ಮಾಡೋದು ಬೇಡ."

ಹೆಂಡತಿ ಫೋನಿನಲ್ಲಿ ಕೇಳಿ ಗಾಬರಿಯಾದಳು. "ಆ ಚಿಕ್ಕ ಗಾಜನ್ನ ಅಂಟಿಸಿದ್ರಾ? ಅಪ್ಪ ಅದನ್ನ..."

"ನಿಮ್ಮಪ್ಪ ಸಂಜೆ ಶಾಭಾಷ್ ಅಂತಾರೆ, ಫೋನಿಡು."

ಸಂಜೆ ಬೀದಿಯ ಅರ್ಧ ಜನ ಗೇಟಿಗೆ ಬಂದು ನಿಂತಿದ್ದರು. ಮಾವ ತಮ್ಮ ಹಳೇ ಕಾರನ್ನು ಸವರಿ, ನಗುತ್ತ ಒಳಗೆ ಕೂತರು. ಅವರ ಎರಡು ಬೆರಳು ತಾವಾಗಿಯೇ ಹೋಗಿ ತ್ರಿಕೋನದ ಗಾಜನ್ನು ಒತ್ತಿದವು. ಗಾಜು ಜಗ್ಗಲಿಲ್ಲ. ಕೈ ಕೆಳಗೆ ಹಿಡಿಕೆ ಹುಡುಕಿತು.

"ಇದರ ಹಿಡಿಕೆ ಏನಾಯ್ತು?"

"ಇನ್ನು ಬೇಕಾಗಲ್ಲ ಮಾವ. ಎಸಿ ಮಾಡಿಸಿದೀನಿ."

ಒಂದು ಸುತ್ತು ಮುಗಿಯುವಷ್ಟರಲ್ಲಿ ಮಾವ ಏಳು ಸಲ ಸೀನಿದರು. ಇಳಿದು ಮೂಗು ಒರೆಸಿಕೊಂಡು, "ನಿನ್ನೆ ಆ ಕಾರಲ್ಲಿ ನಡುಗಿ ಹೋದೆ. ಎಸಿ ಅಂದ್ರೆ ಮೊದಲಿಂದ್ಲೂ ನನಗಾಗಲ್ಲ. ನಾಳೆ ನಮ್ಮ ಹಳೇ ಕಾರಲ್ಲೇ ಗಾಳಿ ಕುಡೀತಾ ಹೋಗೋಣ ಅಂತಿದ್ದೆ. ನೀವು ಅದನ್ನೂ ಡಬ್ಬಿ ಮಾಡಿದ್ರಿ" ಎಂದರು.

ಷಡ್ಡಕ ರಸ್ತೆ ದಾಟಿದ. ತನ್ನ ಕಾರಿನಲ್ಲಿ ಒಂದು ಗುಂಡಿ ಒತ್ತಿದ. ನಾಲ್ಕೂ ಗಾಜು ಸರ್ರನೆ ಇಳಿದವು. ಮಾವ ಹೋಗಿ ಕೂತು, ಮೊಣಕೈ ಹೊರಗಿಟ್ಟು ನಿಟ್ಟುಸಿರು ಬಿಟ್ಟರು.

ಮೇಷ್ಟ್ರ ಮುಖ ನೋಡಿ ಅತ್ತೆಗೆ ಕನಿಕರವಾಯಿತು. ಹಳೇ ಕಾರಿನೊಳಗೆ ಕೈಯಾಡಿಸಿ ತಲೆದೂಗಿದರು.

"ಬೇಜಾರು ಮಾಡ್ಕೋಬೇಡಿ ಅಳಿಯಂದಿರೇ, ನಿಮ್ಮ ಶ್ರಮ ದಂಡ ಆಗಲ್ಲ. ನಾಳೆ ಹಾಲು, ಹಣ್ಣು, ತರಕಾರಿ ಎಲ್ಲಾ ಇದರಲ್ಲೇ ಬರಲಿ. ದಾರೀಲಿ ಎಸಿ ಮಾತ್ರ ಆರಿಸಬೇಡಿ."